ಕುಸಿಯುತ್ತಿರುವ ಡಿಪಾರ್ಟ್‌ಮೆಂಟ್ ಸ್ಟೋರ್ ಸರಣಿಯನ್ನು ಮೇಲೆತ್ತುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ಡಿಪಾರ್ಟ್‌ಮೆಂಟ್ ಸ್ಟೋರ್ ಕುಸಿಯುವ ರೀತಿ ಹೆಚ್ಚುಕಮ್ಮಿ ಎಲ್ಲ ಕಡೆ ಒಂದೇ. ವ್ಯಾಪಾರ ಸ್ವಲ್ಪ ಇಳಿಯುತ್ತದೆ. ಖರ್ಚು ಉಳಿಸೋಣ ಅಂತ ಮಾರುವವರನ್ನು ಕಡಿಮೆ ಮಾಡುತ್ತಾರೆ. ಟ್ರಯಲ್ ರೂಮಿನ ಮುಂದೆ ಬಟ್ಟೆ ರಾಶಿ ಬೀಳುತ್ತದೆ, ಬಿಲ್ಲಿಂಗ್ ಕೌಂಟರಿನಲ್ಲಿ ಸಾಲು ಬೆಳೆಯುತ್ತದೆ. ಬಂದವರು ಬರಿಗೈಯಲ್ಲಿ ಹೊರಡುತ್ತಾರೆ. ವ್ಯಾಪಾರ ಇನ್ನೂ ಇಳಿಯುತ್ತದೆ. ಆಗ ಮತ್ತಷ್ಟು ಜನರನ್ನು ತೆಗೆಯುತ್ತಾರೆ, ಡಿಸ್ಕೌಂಟ್ ಬೋರ್ಡು ದೊಡ್ಡದು ಮಾಡುತ್ತಾರೆ. ಹೀಗೇ ಸುತ್ತುತ್ತಾ ಹೋಗುತ್ತದೆ.

ಆನ್‌ಲೈನ್ ಬಂದು ಎಲ್ಲ ಹಾಳಾಯಿತು ಅನ್ನುವುದು ಅರ್ಧ ನಿಜ ಮಾತ್ರ. ಬ್ರಿಟನ್ನಿನಲ್ಲಿ ಡೆಬೆನ್‌ಹ್ಯಾಮ್ಸ್ 2021ರಲ್ಲಿ ತನ್ನ ಕೊನೆಯ ಮಳಿಗೆಗಳನ್ನೂ ಮುಚ್ಚಿತು. ಅದೇ ಬೀದಿಗಳಲ್ಲಿ ಮಾರ್ಕ್ಸ್ ಅಂಡ್ ಸ್ಪೆನ್ಸರ್ ಚೇತರಿಸಿಕೊಂಡಿತು. ಅಮೆರಿಕದಲ್ಲಿ ಸಿಯರ್ಸ್ ಹೆಸರಿಗಷ್ಟೇ ಉಳಿಯಿತು, ಡಿಲ್ಲಾರ್ಡ್ಸ್ ಹೆಚ್ಚಿನ ವರ್ಷಗಳಲ್ಲಿ ಲಾಭ ಮಾಡಿತು. ಇಂಟರ್ನೆಟ್ ಎಲ್ಲರಿಗೂ ಒಂದೇ ಆಗಿತ್ತು ಅಲ್ವಾ?

ನನ್ನ ನಂಬಿಕೆ ಇಷ್ಟು. ಮುಳುಗಿದ ಸರಣಿಗಳಲ್ಲಿ ಹಲವು, ಮಾಡಬೇಕಾದ ಕೆಲಸವನ್ನು ತಪ್ಪು ಕ್ರಮದಲ್ಲಿ ಮಾಡಿದವು. ಕಟ್ಟಡಕ್ಕೆ ಬಣ್ಣ ಮೊದಲು, ಸರಕು ಆಮೇಲೆ. ಜಾಗ ಮಾರುವುದು ಮೊದಲು, ಗಿರಾಕಿಗೆ ಏನು ಬೇಕು ಅನ್ನುವುದು ಆಮೇಲೆ. ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ನೋಡಿ. ಕೆಲವು ಹಂತ ಉದ್ದ, ಕೆಲವು ಚಿಕ್ಕವು. ಎಲ್ಲಕ್ಕೂ ಒಂದೇ ತೂಕ ಇಲ್ಲ.

ಹಂತ 1: ಕೈಯಲ್ಲಿರುವ ದುಡ್ಡು ಎಷ್ಟು ವಾರ ಬರುತ್ತದೆ ನೋಡಿ

ಲಾಭ ನಷ್ಟದ ಪಟ್ಟಿ ಪಕ್ಕಕ್ಕಿಡಿ. ಮೊದಲು ಬೇಕಿರುವುದು ಮುಂದಿನ 13 ವಾರಗಳ ನಗದು ಲೆಕ್ಕ. ಯಾವ ವಾರ ಎಷ್ಟು ಬರುತ್ತದೆ, ಸಂಬಳ ಯಾವಾಗ, ಬಾಡಿಗೆ ಯಾವಾಗ, ಸಪ್ಲೈಯರ್‌ಗಳ ಬಿಲ್ಲು ಯಾವಾಗ, ಬಡ್ಡಿ ಯಾವಾಗ. ವಾರಕ್ಕೊಂದು ಕಾಲಂ. ಪ್ರತಿ ವಾರದ ಕೊನೆಗೆ ಅಂದಾಜು ಎಷ್ಟಿತ್ತು, ನಿಜವಾಗಿ ಎಷ್ಟಾಯಿತು ಅಂತ ಹೋಲಿಸಿ, ಮುಂದಕ್ಕೆ ಇನ್ನೊಂದು ವಾರ ಸೇರಿಸಿ. 13 ವಾರ ಅಂದರೆ ವರ್ಷದ ಕಾಲು ಭಾಗ. ಅದಕ್ಕಿಂತ ದೂರ ನೋಡಿದರೆ ಊಹೆಯೇ ಜಾಸ್ತಿ, ಹತ್ತಿರ ನೋಡಿದರೆ ಎಚ್ಚೆತ್ತುಕೊಳ್ಳಲು ಸಮಯ ಸಿಗುವುದಿಲ್ಲ.

ಈ ವ್ಯಾಪಾರದಲ್ಲಿ ನಗದು ವರ್ಷವಿಡೀ ಒಂದೇ ಸಮ ಇರುವುದಿಲ್ಲ. ಹಬ್ಬದ ಸೀಸನ್ನಿಗೆ ಸರಕು ತುಂಬಲು ತಿಂಗಳುಗಟ್ಟಲೆ ಮುಂಚೆ ದುಡ್ಡು ಹೊರಗೆ ಹೋಗುತ್ತದೆ. ಮಾರಾಟದ ದುಡ್ಡು ಬರುವುದು ಆಮೇಲೆ. ಆ ನಡುವಿನ ಕಂದಕದಲ್ಲೇ ಸರಣಿಗಳು ಬೀಳುತ್ತವೆ.

ಸಪ್ಲೈಯರ್‌ಗಳ ವಿಷಯ ಇಲ್ಲಿಯೇ ಬರುತ್ತದೆ. ಉದ್ರಿ ಕೊಡುವ ದೊಡ್ಡ ಸಪ್ಲೈಯರ್‌ಗಳಲ್ಲಿ ಹಲವರು ಆ ಬಾಕಿಗೆ ವಿಮೆ ಮಾಡಿಸಿರುತ್ತಾರೆ. ನಿಮ್ಮ ಸ್ಥಿತಿ ಕೆಟ್ಟಿದೆ ಎಂದು ವಿಮೆ ಕಂಪನಿಗೆ ಅನ್ನಿಸಿದರೆ ರಕ್ಷಣೆ ಹಿಂದಕ್ಕೆ ಪಡೆಯುತ್ತದೆ. ಮರುದಿನದಿಂದಲೇ 60 ದಿನದ ಉದ್ರಿ ಹೋಗಿ, ಮುಂಗಡ ಕೊಟ್ಟರೆ ಮಾತ್ರ ಸರಕು ಅನ್ನುವ ಮಾತು ಬರುತ್ತದೆ. ಸಾಲದ ಗಡುವಿಗಿಂತ ಮುಂಚೆಯೇ ಅಂಗಡಿಯ ಉಸಿರು ಕಟ್ಟುವುದು ಇದರಿಂದ. ಹಾಗಾಗಿ ವಿಮೆಯವರನ್ನೂ ಅತಿ ದೊಡ್ಡ 20 ಸಪ್ಲೈಯರ್‌ಗಳನ್ನೂ ನೀವೇ ಮೊದಲು ಭೇಟಿಯಾಗಿ. ಲೆಕ್ಕ ತೋರಿಸಿ. ಯಾವ ದಿನ ಎಷ್ಟು ಕೊಡುತ್ತೀರಿ ಅಂತ ಹೇಳಿ, ಹೇಳಿದ ದಿನ ಕೊಡಿ. ಕಡಿಮೆ ಮೊತ್ತವಾದರೂ ಪರವಾಗಿಲ್ಲ, ಮಾತು ತಪ್ಪಬಾರದು.

ಇನ್ನೊಂದು ಎಚ್ಚರಿಕೆ. ಲೆಕ್ಕದ ಪುಸ್ತಕವನ್ನೇ ಕಣ್ಣು ಮುಚ್ಚಿ ನಂಬಬೇಡಿ. 2024ರ ನವೆಂಬರಿನಲ್ಲಿ ಅಮೆರಿಕದ ಮೇಸೀಸ್ ಸರಣಿಯ ಕಂಪನಿ ಒಂದು ವಿಷಯ ಬಹಿರಂಗಪಡಿಸಿತು: ಒಬ್ಬ ಉದ್ಯೋಗಿ ಸುಮಾರು ಮೂರು ವರ್ಷ ಡೆಲಿವರಿ ಖರ್ಚನ್ನು ಲೆಕ್ಕದಲ್ಲಿ ಮರೆಮಾಚಿದ್ದ. ತನಿಖೆಯ ನಂತರ ಆ ಮೊತ್ತ ಸುಮಾರು 15.1 ಕೋಟಿ ಡಾಲರ್ ಎಂದು ಗೊತ್ತಾಯಿತು. ಅಷ್ಟು ದೊಡ್ಡ ಕಂಪನಿಯಲ್ಲೇ ಇದು ಕಣ್ಣಿಗೆ ಬೀಳಲಿಲ್ಲ. ಬ್ಯಾಂಕ್ ಸ್ಟೇಟ್‌ಮೆಂಟಿನಿಂದ ಹಿಂದಕ್ಕೆ ಲೆಕ್ಕ ಹಾಕಿಸಿ, ಗೋದಾಮಿನ ಸ್ಟಾಕನ್ನು ಕೈಯಿಂದ ಎಣಿಸಿ.

ಹಂತ 2: ಒಂದೊಂದೇ ಮಳಿಗೆಯ ನಿಜವಾದ ಗಳಿಕೆ ಕಂಡುಕೊಳ್ಳಿ

ಚಿಲ್ಲರೆ ವ್ಯಾಪಾರದವರು ಇದನ್ನು ನಾಲ್ಕು ಗೋಡೆಯ ಲೆಕ್ಕ ಅನ್ನುತ್ತಾರೆ. ಆ ಕಟ್ಟಡದೊಳಗೆ ಬಂದದ್ದು ಎಷ್ಟು, ಆ ಕಟ್ಟಡಕ್ಕಾಗಿ ಹೋದದ್ದು ಎಷ್ಟು, ಅಷ್ಟೇ. ಹೆಡ್ ಆಫೀಸಿನ ಖರ್ಚು ಸೇರಿಸಬೇಡಿ.

ಒಂದು ಉದಾಹರಣೆ ನೋಡಿ. ಒಂದು ಮಳಿಗೆಯಲ್ಲಿ 100 ರೂಪಾಯಿ ಮಾರಾಟ ಆಯಿತು ಅಂದುಕೊಳ್ಳಿ. ಸರಕಿಗೆ 62 ಹೋಯಿತು. ಸಂಬಳಕ್ಕೆ 14, ಬಾಡಿಗೆಗೆ 11, ಕರೆಂಟು, ಸ್ವಚ್ಛತೆ, ಕಳವು ಎಲ್ಲ ಸೇರಿ 8. ಉಳಿದದ್ದು 5. ಈಗ ಹೆಡ್ ಆಫೀಸಿನ ಪಾಲು ಅಂತ 7 ಸೇರಿಸಿದರೆ ಕಾಗದದ ಮೇಲೆ 2 ನಷ್ಟ ಕಾಣಿಸುತ್ತದೆ. ನಷ್ಟದ ಅಂಗಡಿ, ಮುಚ್ಚಿಬಿಡೋಣ ಅಂತ ಯಾರಾದರೂ ಅನ್ನುತ್ತಾರೆ. ಮುಚ್ಚಿದರೆ ಏನಾಗುತ್ತದೆ? ಹೆಡ್ ಆಫೀಸಿನ 7 ಎಲ್ಲಿಗೂ ಹೋಗುವುದಿಲ್ಲ, ಅದು ಉಳಿದ ಮಳಿಗೆಗಳ ತಲೆಗೆ ಬೀಳುತ್ತದೆ. ಬರುತ್ತಿದ್ದ 5 ಮಾತ್ರ ಹೋಗುತ್ತದೆ. ಮುಂದಿನ ವರ್ಷ ಆ ಭಾರದಿಂದ ಇನ್ನೆರಡು ಮಳಿಗೆ ನಷ್ಟದ ಪಟ್ಟಿಗೆ ಬರುತ್ತವೆ. ಒಳ್ಳೆಯ ಅಂಗಡಿಗಳು ಹೀಗೆ ಸಾಲಾಗಿ ಬಾಗಿಲು ಹಾಕುತ್ತವೆ. ಇಂಥ ಕಡೆ ಚಿಕ್ಕದಾಗಬೇಕಿರುವುದು ಹೆಡ್ ಆಫೀಸು.

ಲೆಕ್ಕ ಒಂದು ಕಡೆ, ಕಣ್ಣು ಇನ್ನೊಂದು ಕಡೆ. ಮಳಿಗೆಗೆ ಹೋಗಿ, ಮ್ಯಾನೇಜರ್‌ಗೆ ಹೇಳದೆ ಹೋಗಿ. ಒಂದು ಶರ್ಟಿನ ಸ್ಟ್ಯಾಂಡ್ ಮುಂದೆ ಹತ್ತು ನಿಮಿಷ ನಿಲ್ಲಿ. ಬಣ್ಣ ಬಣ್ಣದ ಶರ್ಟು ತುಂಬಿ ತುಳುಕುತ್ತಿರುತ್ತದೆ. ಒಂದೊಂದರ ಸೈಜ್ ನೋಡುತ್ತಾ ಹೋಗಿ. ತೀರಾ ಚಿಕ್ಕದು, ತೀರಾ ದೊಡ್ಡದು, ಮತ್ತೆ ತೀರಾ ಚಿಕ್ಕದು. ಮಧ್ಯದ ಸೈಜ್ ಯಾವ ಬಣ್ಣದಲ್ಲೂ ಇಲ್ಲ. ಕಂಪ್ಯೂಟರ್ ಮಾತ್ರ ಈ ಶರ್ಟು ಸಾಕಷ್ಟು ಸ್ಟಾಕ್ ಇದೆ ಅನ್ನುತ್ತಿರುತ್ತದೆ. ಅಷ್ಟು ಹೊತ್ತಿನಲ್ಲಿ ಎಷ್ಟು ಜನ ಆ ಸ್ಟ್ಯಾಂಡಿಗೆ ಕೈ ಹಾಕಿ, ಹುಡುಕಿ, ಸುಮ್ನೆ ಹೋದರು ಅಂತ ನೋಡಿ. ಯಾವ ವರದಿಯೂ ಇದನ್ನು ನಿಮಗೆ ಹೇಳುವುದಿಲ್ಲ.

ಆಮೇಲೆ ಬಾಗಿಲಲ್ಲಿ ನಿಂತು, ಏನೂ ಕೊಳ್ಳದೆ ಹೊರಟವರನ್ನು ಕೇಳಿ: ಏನು ಹುಡುಕಿಕೊಂಡು ಬಂದಿದ್ದಿರಿ? ಕೊಂಡವರ ಅಭಿಪ್ರಾಯ ಎಲ್ಲರೂ ಕೇಳುತ್ತಾರೆ. ಬರಿಗೈಯಲ್ಲಿ ಹೋದವರ ಉತ್ತರದಲ್ಲೇ ನಿಮ್ಮ ಕೆಲಸದ ಪಟ್ಟಿ ಇದೆ.

ಹಂತ 3: ಮುಚ್ಚಬೇಕಾದದ್ದನ್ನು ಒಂದೇ ಸಲ ಮುಚ್ಚಿ

ನಾಲ್ಕು ಗೋಡೆಯ ಲೆಕ್ಕದಲ್ಲೂ ನಷ್ಟ ತೋರಿಸುವ, ಬಾಡಿಗೆ ಇಳಿಸಿದರೂ ಏಳದ ಮಳಿಗೆಗಳು ಇರುತ್ತವೆ. ಅವನ್ನು ಮುಚ್ಚಲೇಬೇಕು. ಆದರೆ ಪ್ರತಿ ಮೂರು ತಿಂಗಳಿಗೆ ಐದು, ಆಮೇಲೆ ಎಂಟು ಅಂತ ಕಂತಿನಲ್ಲಿ ಮುಚ್ಚಿದರೆ, ಮುಂದಿನ ಸರದಿ ನಮ್ಮದು ಅಂತ ಪ್ರತಿ ಮಳಿಗೆಯ ಸಿಬ್ಬಂದಿಗೂ ಭಯ ಹುಟ್ಟುತ್ತದೆ. ಒಳ್ಳೆಯವರು ಮೊದಲು ಬಿಟ್ಟುಹೋಗುತ್ತಾರೆ. ಪಟ್ಟಿ ಒಂದೇ ಸಲ ಹೇಳಿ, ಉಳಿದವು ಉಳಿಯುತ್ತವೆ ಅಂತ ಸ್ಪಷ್ಟ ಮಾಡಿ.

ಮಾರ್ಕ್ಸ್ ಅಂಡ್ ಸ್ಪೆನ್ಸರ್ 2022ರಲ್ಲಿ ಮಾಡಿದ್ದು ಹೀಗೆ. ಬಟ್ಟೆ, ಮನೆ ಸಾಮಾನು, ಆಹಾರ ಎಲ್ಲ ಮಾರುವ ದೊಡ್ಡ ಮಳಿಗೆಗಳನ್ನು 247ರಿಂದ 180ಕ್ಕೆ ಇಳಿಸುತ್ತೇವೆ ಎಂದು ಗುರಿ ಹೇಳಿತು. ಜೊತೆಗೆ ಹೊಸ ಆಹಾರ ಮಳಿಗೆಗಳನ್ನು ಎಷ್ಟು ತೆರೆಯುತ್ತೇವೆ ಅಂತಲೂ ಹೇಳಿತು. ಹಳೇ, ಇಕ್ಕಟ್ಟಾದ ಜಾಗ ಬಿಟ್ಟು ಒಳ್ಳೆಯ ಜಾಗಕ್ಕೆ ಹೋಗುವ ಯೋಜನೆ ಅದು. ಮುಚ್ಚುವ ಸುದ್ದಿಯ ಜೊತೆ ಎಲ್ಲಿ ಬೆಳೆಯುತ್ತೇವೆ ಅನ್ನುವುದೂ ಇದ್ದರೆ ಸಿಬ್ಬಂದಿಯೂ ಸಪ್ಲೈಯರ್‌ಗಳೂ ಕಿವಿಗೊಡುತ್ತಾರೆ. ಮೇಸೀಸ್ 2024ರ ಫೆಬ್ರವರಿಯಲ್ಲಿ ಸುಮಾರು 150 ಮಳಿಗೆಗಳನ್ನು 2026ರೊಳಗೆ ಮುಚ್ಚುವುದಾಗಿ ಒಂದೇ ಉಸಿರಿನಲ್ಲಿ ಹೇಳಿತು. ಉಳಿಯುವ ಸುಮಾರು 350 ಮಳಿಗೆಗಳಿಗೆ ದುಡ್ಡು ಹಾಕುತ್ತೇವೆ ಅಂತಲೂ ಸೇರಿಸಿತು.

ಮುಚ್ಚುವ ಮುಂಚೆ ಮೂರು ವಿಷಯ ನೋಡಿ. ಒಂದು, ಆ ಪ್ರದೇಶದ ಆನ್‌ಲೈನ್ ಆರ್ಡರ್. ಮಳಿಗೆ ಮುಚ್ಚಿದ ಕಡೆ ಆನ್‌ಲೈನ್ ಮಾರಾಟವೂ ಇಳಿಯುವುದು ಸಾಮಾನ್ಯ, ಯಾಕೆಂದರೆ ಮುಟ್ಟಿ ನೋಡುವ, ವಾಪಸ್ ಕೊಡುವ ಜಾಗ ಇಲ್ಲದಂತಾಗುತ್ತದೆ. ಎರಡು, ಲೀಸ್ ಇನ್ನೆಷ್ಟು ವರ್ಷ ಇದೆ, ಬಿಟ್ಟುಹೋಗಲು ಎಷ್ಟು ಕೊಡಬೇಕು. ಮೂರು, ಕಟ್ಟಡದ ಮಾಲೀಕರ ಸ್ಥಿತಿ. ನೀವು ಹೋದರೆ ಅವರ ಮಾಲ್ ಖಾಲಿ ಹೊಡೆಯುತ್ತದೆ ಅಂತಾದರೆ, ಮಾರಾಟದ ಶೇಕಡಾವಾರು ಬಾಡಿಗೆಗೆ ಅವರು ಒಪ್ಪಬಹುದು. ಆ ಮಾತು ಎತ್ತದೆ ಬೀಗ ಹಾಕಬೇಡಿ.

ದಿವಾಳಿ ಕಾನೂನಿನಡಿ, ಸಾಲ ಕೊಟ್ಟವರು ಮೇಲೆ ಬೀಳದಂತೆ ಕೋರ್ಟಿನ ರಕ್ಷಣೆ ಪಡೆದರೆ ಲೀಸ್ ಬಿಡುವುದು ಸುಲಭ, ನಿಜ. ಆದರೆ ಸಮಯ ಕಡಿಮೆ. ಅಮೆರಿಕದ ದಿವಾಳಿ ಕಾನೂನಿಗೆ 2005ರಲ್ಲಿ ಆದ ತಿದ್ದುಪಡಿಯ ನಂತರ, ಲೀಸ್ ಇಟ್ಟುಕೊಳ್ಳಬೇಕೋ ಬಿಡಬೇಕೋ ಅಂತ ಸಾಮಾನ್ಯವಾಗಿ ಗರಿಷ್ಠ 210 ದಿನಗಳಲ್ಲಿ ತೀರ್ಮಾನ ಆಗಬೇಕು. ಅದಕ್ಕಿಂತ ಜಾಸ್ತಿ ಬೇಕಿದ್ದರೆ ಕಟ್ಟಡದ ಮಾಲೀಕರ ಒಪ್ಪಿಗೆ ಬೇಕು. ಒಂದು ಪೂರ್ತಿ ವರ್ಷದ ಸೀಸನ್ ನೋಡಿ ತೀರ್ಮಾನಿಸುವ ಅವಕಾಶವೇ ಇಲ್ಲ. ಜರ್ಮನಿಯ ಗಲೇರಿಯಾ ಸರಣಿ 2020, 2022 ಮತ್ತು 2024ರಲ್ಲಿ, ಅಂದರೆ ಮೂರು ಸಲ, ತನ್ನ ದೇಶದಲ್ಲಿ ಇಂಥದ್ದೇ ರಕ್ಷಣೆಗಾಗಿ ಕೋರ್ಟಿನ ಬಾಗಿಲು ತಟ್ಟಿತು. ಸಾಲ ಮನ್ನಾ ಆದ ಮಾತ್ರಕ್ಕೆ ವ್ಯಾಪಾರ ಸರಿಹೋಗುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಹಂತ 4: ಸ್ವಂತ ಕಟ್ಟಡ ಇದ್ದರೆ ಮಾರುವ ಮುಂಚೆ ಹತ್ತು ಸಲ ಯೋಚಿಸಿ

ನನಗೆ ತುಂಬಾ ಸಂಕಟ ಆಗುವ ಭಾಗ ಇದು. ಹಳೇ ಸರಣಿಗಳಿಗೆ ಊರಿನ ನಡುವೆ ಸ್ವಂತ ಜಾಗ ಇರುತ್ತದೆ. ಅದನ್ನು ಮಾರಿ, ಅದೇ ಕಟ್ಟಡಕ್ಕೆ ಬಾಡಿಗೆ ಕಟ್ಟಿಕೊಂಡು ಇರಿ, ಕೈಗೆ ದುಡ್ಡು ಬರುತ್ತದೆ ಅಂತ ಸಲಹೆ ಕೊಡುವವರು ಬಂದೇ ಬರುತ್ತಾರೆ.

ಡೆಬೆನ್‌ಹ್ಯಾಮ್ಸ್ 2005ರಲ್ಲಿ 23 ಕಟ್ಟಡಗಳನ್ನು 49.5 ಕೋಟಿ ಪೌಂಡಿಗೆ ಮಾರಿ, ಅವೇ ಕಟ್ಟಡಗಳನ್ನು ದೀರ್ಘಾವಧಿ ಲೀಸಿಗೆ ತೆಗೆದುಕೊಂಡಿತು. ಆಗ ಅದರ ಮಾಲೀಕತ್ವ ಖಾಸಗಿ ಹೂಡಿಕೆದಾರರ ಕೈಯಲ್ಲಿತ್ತು. ವ್ಯಾಪಾರ ಇಳಿದಾಗ ಬಾಡಿಗೆ ಇಳಿಯಲಿಲ್ಲ. ಅಮೆರಿಕದ ಮರ್ವಿನ್ಸ್ ಸರಣಿಯನ್ನು 2004ರಲ್ಲಿ ಕೊಂಡವರು ಕಟ್ಟಡಗಳನ್ನು ಬೇರೆ, ವ್ಯಾಪಾರವನ್ನು ಬೇರೆ ಮಾಡಿದರು. ಬಾಡಿಗೆ ಏರಿತು. 2008ರಲ್ಲಿ ಅದು ದಿವಾಳಿ. ಸಿಯರ್ಸ್ 2015ರಲ್ಲಿ 235 ಆಸ್ತಿಗಳನ್ನು ಸೆರಿಟೇಜ್ ಎಂಬ ಪ್ರತ್ಯೇಕ ಕಂಪನಿಗೆ ಮಾರಿ ಸುಮಾರು 270 ಕೋಟಿ ಡಾಲರ್ ಪಡೆಯಿತು. 2017ರಲ್ಲಿ ತನ್ನ ಹೆಸರಾಂತ ಕ್ರಾಫ್ಟ್ಸ್‌ಮನ್ ಬ್ರಾಂಡನ್ನೂ ಮಾರಿತು. 2018ರ ಅಕ್ಟೋಬರಿನಲ್ಲಿ ದಿವಾಳಿ ಅರ್ಜಿ ಹಿಡಿದು ಕೋರ್ಟಿನ ಮೆಟ್ಟಿಲು ಹತ್ತಿತು. ಅಷ್ಟು ದುಡ್ಡು ಬಂದರೂ ಮಳಿಗೆಗಳು ಹಾಗೇ ಮಂಕಾಗಿ ಇದ್ದವು.

ಡಿಲ್ಲಾರ್ಡ್ಸ್ ಮಾತ್ರ ತನ್ನ ಹೆಚ್ಚಿನ ಮಳಿಗೆಗಳನ್ನು ಸ್ವಂತದ್ದಾಗಿಯೇ ಉಳಿಸಿಕೊಂಡಿತು. ಕೆಟ್ಟ ವರ್ಷ ಬಂದಾಗ ಬಾಡಿಗೆ ಕೇಳಿ ಕದ ತಟ್ಟುವ ಕಟ್ಟಡ ಮಾಲೀಕ ಅದಕ್ಕಿಲ್ಲ.

ಹಾಗಂತ ಮಾರಲೇಬಾರದು ಅಂತಲ್ಲ. ಮುಚ್ಚುವ ಮಳಿಗೆಯ ಕಟ್ಟಡ ಮಾರಿ. ದೊಡ್ಡ ಕಟ್ಟಡದ ಮೇಲಿನ ಮಹಡಿಗಳನ್ನು ಆಫೀಸಿಗೋ ಹೋಟೆಲಿಗೋ ಕೊಡಿ. ಚೆನ್ನಾಗಿ ನಡೆಯುವ ಮಳಿಗೆಯ ಕಾಲಡಿಯ ನೆಲ ಮಾತ್ರ ಮುಟ್ಟಬೇಡಿ. ಮಾರಿ ಬಂದ ದುಡ್ಡು ಸರಕಿಗೆ ಮತ್ತು ಮಳಿಗೆಗೆ ಹೋಗಬೇಕು ಅಂತ ಬೋರ್ಡಿನಲ್ಲಿ ಬರೆಸಿಕೊಳ್ಳಿ.

ಹಂತ 5: ಸರಕು ಸರಿ ಮಾಡಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ಓದುವ ಸಮಯ ಇದ್ದರೆ ಇದನ್ನು ಓದಿ.

ಮೊದಲು ಹಳೇ ಸ್ಟಾಕ್ ಹೊರಗೆ ಹಾಕಿ. ಆರು ತಿಂಗಳು ದಾಟಿದ ಫ್ಯಾಷನ್ ಬಟ್ಟೆಗೆ ಪುಸ್ತಕದಲ್ಲಿ ಬರೆದ ಬೆಲೆ ಇರುವುದಿಲ್ಲ. ಅದು ಜಾಗ ತಿನ್ನುತ್ತದೆ, ಹೊಸ ಸರಕನ್ನು ಮುಚ್ಚುತ್ತದೆ. ಒಂದೇ ಸಲ ನಷ್ಟ ಬರೆದುಕೊಂಡು, ಬೇರೆ ಕ್ಲಿಯರೆನ್ಸ್ ಜಾಗದಲ್ಲಿ ಮಾರಿಬಿಡಿ. ಮುಖ್ಯ ಮಹಡಿಯ ಮಧ್ಯದಲ್ಲಿ ಗುಡ್ಡೆ ಹಾಕಿ ಮಾರಬೇಡಿ. ಕಾಲಿಡುತ್ತಿದ್ದ ಹಾಗೇ ಕಾಣುವುದು ಹಳೇ ಬಟ್ಟೆಯ ಗುಡ್ಡೆ ಆದರೆ, ಗಿರಾಕಿ ಇಡೀ ಅಂಗಡಿಗೇ ಆ ಬೆಲೆ ಕಟ್ಟುತ್ತಾರೆ.

ಮುಂದೆ, ಖರೀದಿ ವಿಭಾಗದವರನ್ನು ಅಳೆಯುವ ಕೋಲು ಬದಲಿಸಿ. ಹಲವು ಕಡೆ ಒಂದು ವಸ್ತುವಿನ ಮೇಲೆ ಎಷ್ಟು ಲಾಭಾಂಶ ಇಟ್ಟಿದ್ದಾರೆ ಅನ್ನುವುದನ್ನಷ್ಟೇ ನೋಡುತ್ತಾರೆ. ಲೆಕ್ಕ ಹಾಕಿ ನೋಡೋಣ. ಒಬ್ಬರು 40 ಕೊಟ್ಟು ಕೊಂಡ ವಸ್ತುವನ್ನು 100ಕ್ಕೆ ಮಾರುತ್ತಾರೆ, 60 ಲಾಭ. ಆದರೆ ಅದು ವರ್ಷಕ್ಕೆ ಒಂದೇ ಸಲ ಖಾಲಿಯಾಗುತ್ತದೆ. 40ರ ಬಂಡವಾಳ 60 ತಂದಿತು, ಅಂದರೆ ಒಂದೂವರೆ ಪಟ್ಟು. ಇನ್ನೊಬ್ಬರು 60 ಕೊಟ್ಟು ಕೊಂಡು 100ಕ್ಕೆ ಮಾರುತ್ತಾರೆ, 40 ಲಾಭ. ಆದರೆ ಎರಡು ತಿಂಗಳಿಗೊಮ್ಮೆ ಖಾಲಿಯಾಗುತ್ತದೆ, ವರ್ಷಕ್ಕೆ ಆರು ಸಲ. ಅದೇ 60ರ ಬಂಡವಾಳ 240 ತಂದಿತು, ನಾಲ್ಕು ಪಟ್ಟು. ಮೀಟಿಂಗಿನಲ್ಲಿ ಚಪ್ಪಾಳೆ ಸಿಗುವುದು ಮೊದಲಿನವರಿಗೆ. ಅಂಗಡಿಯನ್ನು ಬದುಕಿಸುವುದು ಎರಡನೆಯವರು. ಸ್ಟಾಕಿನಲ್ಲಿ ಹಾಕಿದ ಪ್ರತಿ ರೂಪಾಯಿ ವರ್ಷಕ್ಕೆ ಎಷ್ಟು ತಂದಿತು ಅನ್ನುವ ಈ ಲೆಕ್ಕವನ್ನು ಪ್ರತಿ ವಿಭಾಗಕ್ಕೂ ತಿಂಗಳಿಗೊಮ್ಮೆ ತೆಗೆಸಿ.

ಖರೀದಿಗೆ ಮಿತಿ ಇಡಿ. ಮುಂದಿನ ತಿಂಗಳು ಎಷ್ಟು ಮಾರುತ್ತೇವೆ, ಎಷ್ಟು ಸ್ಟಾಕ್ ಇರಬೇಕು, ಈಗ ಎಷ್ಟಿದೆ, ಎಷ್ಟು ಆರ್ಡರ್ ದಾರಿಯಲ್ಲಿದೆ, ಇವುಗಳನ್ನು ಕೂಡಿಸಿ ಕಳೆದರೆ ಇನ್ನೆಷ್ಟು ಕೊಳ್ಳಬಹುದು ಅಂತ ಸಿಗುತ್ತದೆ. ಅದರಲ್ಲಿ ಒಂದು ಭಾಗ, ಐದನೇ ಒಂದರಷ್ಟಾದರೂ, ಖಾಲಿ ಬಿಡಿ. ಸೀಸನ್ ಶುರುವಾದ ಮೇಲೆ ಯಾವುದು ಓಡುತ್ತಿದೆ ಅಂತ ಗೊತ್ತಾಗುತ್ತದೆ, ಆಗ ಅದನ್ನೇ ಮತ್ತೆ ತರಿಸಲು ಕೈಯಲ್ಲಿ ದುಡ್ಡಿರಬೇಕು.

ಓಡದ ಸರಕಿಗೆ ಬೇಗ ಬೆಲೆ ಇಳಿಸಿ. ನಾಲ್ಕನೇ ವಾರ ಶೇ. 20 ಇಳಿಸಿದರೆ ಹೋಗುವ ವಸ್ತು, ಹದಿನಾರನೇ ವಾರ ಶೇ. 70 ಇಳಿಸಿದರೂ ಕೆಲವೊಮ್ಮೆ ಹೋಗುವುದಿಲ್ಲ. ತಾನು ಆರಿಸಿದ್ದು ತಪ್ಪಾಯಿತು ಅಂತ ಖರೀದಿದಾರ ಬೇಗ ಒಪ್ಪಿಕೊಂಡರೆ ಬೈಯಬೇಡಿ. ಬೈದರೆ ಮುಂದಿನ ಸಲ ಮುಚ್ಚಿಡುತ್ತಾರೆ.

ಸೈಜ್ ವಿಷಯ ಮತ್ತೆ ಹೇಳುತ್ತೇನೆ. ಎಲ್ಲ ಮಳಿಗೆಗೂ ಒಂದೇ ಅನುಪಾತದಲ್ಲಿ ಸೈಜ್ ಕಳಿಸುವುದನ್ನು ಇವತ್ತೇ ನಿಲ್ಲಿಸಿ. ಯಾವ ಮಳಿಗೆಯಲ್ಲಿ ಯಾವ ಸೈಜ್ ಮೊದಲು ಖಾಲಿಯಾಗುತ್ತದೆ ಅಂತ ಬಿಲ್ಲಿನಲ್ಲೇ ಇದೆ. ವಿನ್ಯಾಸಗಳ ಸಂಖ್ಯೆ ಕಡಿಮೆ ಮಾಡಿ, ಪ್ರತಿ ವಿನ್ಯಾಸದಲ್ಲಿ ಎಲ್ಲ ಸೈಜ್ ಇರುವಂತೆ ನೋಡಿ. ಹೊಸದಾಗಿ ಒಂದು ಪೈಸೆ ಬಂಡವಾಳ ಹಾಕದೆ ಮಾರಾಟ ಏರಿಸುವ ದಾರಿ ಇದು.

ಯಾವುದನ್ನು ತೆಗೆಯುತ್ತೀರಿ ಅನ್ನುವುದರಲ್ಲೂ ಜಾಗ್ರತೆ ಬೇಕು. ಅಮೆರಿಕದ ಕೋಲ್ಸ್ ಸರಣಿ ತನ್ನ ಮಳಿಗೆಗಳೊಳಗೆ ಸೆಫೋರಾ ಸೌಂದರ್ಯ ಸಾಧನಗಳ ಅಂಗಡಿ ತೆರೆಯಲು ಆಭರಣ ವಿಭಾಗವನ್ನು ಕುಗ್ಗಿಸಿತು. ಕುಳ್ಳಗಿನ ಮಹಿಳೆಯರ ಅಳತೆಯ ಬಟ್ಟೆಗಳನ್ನೂ ಕಡಿಮೆ ಮಾಡಿತು. ಸೆಫೋರಾ ಚೆನ್ನಾಗಿಯೇ ನಡೆಯಿತು. ಆದರೆ ಆ ಎರಡಕ್ಕಾಗಿಯೇ ಬರುತ್ತಿದ್ದ ಹಳೇ ಗಿರಾಕಿಗಳು ದೂರವಾದರು. ಆಮೇಲೆ ಕಂಪನಿ ಎರಡನ್ನೂ ವಾಪಸ್ ತರಬೇಕಾಯಿತು. ಒಂದು ವಿಭಾಗ ತೆಗೆಯುವ ಮುಂಚೆ, ಅಲ್ಲಿ ಕೊಳ್ಳುವವರು ಅದೇ ಬಿಲ್ಲಿನಲ್ಲಿ ಇನ್ನೇನು ಕೊಳ್ಳುತ್ತಾರೆ ಅಂತ ನೋಡಿ.

ಹಂತ 6: ಡಿಸ್ಕೌಂಟಿನ ಚಟ ಬಿಡಿಸಿ, ಆದರೆ ನಿಧಾನಕ್ಕೆ

ಇಲ್ಲಿ ಅಮೆರಿಕದ ಜೆಸಿಪೆನ್ನಿ ಸರಣಿಯ ಕಥೆ ಹೇಳಲೇಬೇಕು. 2011ರ ನವೆಂಬರಿನಲ್ಲಿ ಆ್ಯಪಲ್ ಮಳಿಗೆಗಳನ್ನು ಕಟ್ಟಿದ ರಾನ್ ಜಾನ್ಸನ್ ಅಲ್ಲಿಗೆ ಮುಖ್ಯಸ್ಥರಾಗಿ ಬಂದರು. 2011ರಲ್ಲಿ ಕಂಪನಿ 590 ಬೇರೆ ಬೇರೆ ರಿಯಾಯಿತಿ ಕಾರ್ಯಕ್ರಮ ನಡೆಸಿದೆ ಅಂತ ಅವರೇ ಹೇಳಿದರು. ಹೆಚ್ಚುಕಡಿಮೆ ಏನೂ ಪೂರ್ತಿ ಬೆಲೆಗೆ ಮಾರಾಟ ಆಗುತ್ತಿರಲಿಲ್ಲ. ಇದು ಸುಳ್ಳು ಬೆಲೆ, ಗಿರಾಕಿಗೆ ಮೊದಲೇ ನ್ಯಾಯವಾದ ಬೆಲೆ ಹೇಳೋಣ ಅಂದರು. 2012ರ ಫೆಬ್ರವರಿಯಿಂದ ಕೂಪನ್ ನಿಂತವು. ಒಂದು ಕಡೆ ಪ್ರಯೋಗ ಮಾಡಿ ನೋಡದೆ, ಎಲ್ಲ ಮಳಿಗೆಗಳಲ್ಲೂ ಒಟ್ಟಿಗೇ.

ಆ ವರ್ಷ ಮಾರಾಟ ಸುಮಾರು 1,726 ಕೋಟಿ ಡಾಲರಿನಿಂದ ಸುಮಾರು 1,300 ಕೋಟಿಗೆ ಇಳಿಯಿತು. ನಿವ್ವಳ ನಷ್ಟ 98.5 ಕೋಟಿ ಡಾಲರ್. 2013ರ ಏಪ್ರಿಲಿನಲ್ಲಿ ಜಾನ್ಸನ್ ಹೊರಹೋದರು, ಕೂಪನ್ ವಾಪಸ್ ಬಂದವು. ಹೋದ ಗಿರಾಕಿಗಳಲ್ಲಿ ಎಷ್ಟೋ ಜನ ಬರಲಿಲ್ಲ.

ಅವರ ವಿಚಾರ ತಪ್ಪಿರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ. ದಿನವೂ ಸೇಲ್ ಇರುವ ಅಂಗಡಿಯ ಬೆಲೆಯನ್ನು ಯಾರೂ ನಂಬುವುದಿಲ್ಲ. ಆದರೆ ಕೂಪನ್ ಕತ್ತರಿಸಿ, ಜೋಪಾನ ಮಾಡಿ, ಬಿಲ್ಲಿಂಗಿನಲ್ಲಿ ಇಷ್ಟು ಉಳಿಸಿದೆ ಅನ್ನುವ ಖುಷಿಗೇ ಬರುತ್ತಿದ್ದವರು ಆ ಅಂಗಡಿಯ ಬೆನ್ನೆಲುಬಾಗಿದ್ದರು. ಆ ಖುಷಿಯನ್ನು ಕಿತ್ತುಕೊಂಡ ಜಾಗದಲ್ಲಿ ಬೇರೇನೂ ಇಡಲಿಲ್ಲ. ಬೇಡಿಕೆ ಇರುವ ಹೊಸ ಸರಕು ಇನ್ನೂ ಬಂದಿರಲಿಲ್ಲ. ಹಳೇ ಸರಕು, ಹಳೇ ಕಟ್ಟಡ, ಮೇಲೆ ಕೂಪನ್ನೂ ಇಲ್ಲ.

ಹಾಗಾದರೆ ಹೇಗೆ ಬಿಡಿಸುವುದು? ಮೊದಲು ಹಂತ 5 ಮುಗಿಸಿ. ಸರಕು ಸುಧಾರಿಸಿದ ವಿಭಾಗದಲ್ಲಿ ಮಾತ್ರ, ಹತ್ತು ಹದಿನೈದು ಮಳಿಗೆಗಳಲ್ಲಿ, ಸೇಲ್ ದಿನಗಳನ್ನು ಕಡಿಮೆ ಮಾಡಿ. ಅದೇ ಗಾತ್ರದ ಬೇರೆ ಮಳಿಗೆಗಳ ಜೊತೆ ಹೋಲಿಸಿ. ಒಟ್ಟು ಮಾರಾಟ ಸ್ವಲ್ಪ ಇಳಿದರೂ ಲಾಭದ ಮೊತ್ತ ಏರಿದೆಯಾ, ಬರುವವರ ಸಂಖ್ಯೆ ಉಳಿದಿದೆಯಾ ನೋಡಿ. ಎರಡಕ್ಕೂ ಹೌದು ಅಂದರೆ ಮುಂದಿನ ವಿಭಾಗ. ಮಾರ್ಕ್ಸ್ ಅಂಡ್ ಸ್ಪೆನ್ಸರ್ ಬಟ್ಟೆ ವಿಭಾಗದಲ್ಲಿ ಇದೇ ದಾರಿ ಹಿಡಿಯಿತು: ವಿನ್ಯಾಸ ಕಡಿಮೆ, ಸೇಲ್ ಕಡಿಮೆ, ಪೂರ್ತಿ ಬೆಲೆಗೆ ಹೋಗುವ ಪಾಲು ಹೆಚ್ಚು. ಅದಕ್ಕೆ ವರ್ಷಗಳು ಹಿಡಿದವು.

ಇನ್ನೊಂದು. ಕೂಪನ್ ಕೊಟ್ಟು, ಹಿಂದೆ ಸಣ್ಣ ಅಕ್ಷರದಲ್ಲಿ ಇದಕ್ಕಿಲ್ಲ, ಅದಕ್ಕಿಲ್ಲ ಅಂತ ಉದ್ದ ಪಟ್ಟಿ ಹಾಕಬೇಡಿ. ಕೌಂಟರಿನಲ್ಲಿ ಇದು ನಡೆಯಲ್ಲ ಅಂತ ಕೇಳಿಸಿಕೊಂಡು, ಹಿಂದೆ ನಿಂತ ಸಾಲಿನ ಮುಂದೆ ಮುಖ ಸಣ್ಣ ಮಾಡಿಕೊಂಡು ಹೋದವರು ಮತ್ತೆ ಬರುವುದಿಲ್ಲ.

ಹಂತ 7: ಮಾರುವವರನ್ನು ವಾಪಸ್ ತನ್ನಿ

ಮೇಸೀಸ್ 2024ರಲ್ಲಿ 50 ಮಳಿಗೆಗಳನ್ನು ಆರಿಸಿ, ಮುಖ್ಯವಾಗಿ ಒಂದು ಕೆಲಸ ಮಾಡಿತು. ಚಪ್ಪಲಿ, ಶೂ ವಿಭಾಗದಲ್ಲೂ ಮಹಿಳೆಯರ ಟ್ರಯಲ್ ರೂಮುಗಳಲ್ಲೂ ಸಿಬ್ಬಂದಿ ಹೆಚ್ಚಿಸಿತು. ಬಟ್ಟೆ ಜೋಡಣೆ ಸುಧಾರಿಸಿತು, ಆ ಊರಿನವರಿಗಾಗಿ ಕಾರ್ಯಕ್ರಮಗಳನ್ನು ನಡೆಸಿತು. ಕಂಪನಿಯ ಒಟ್ಟು ಮಾರಾಟ ಇಳಿಯುತ್ತಿದ್ದಾಗಲೂ ಆ 50 ಮಳಿಗೆಗಳ ಮಾರಾಟ ಏರಿತು. 2025ರಲ್ಲಿ ಅದನ್ನು 125 ಮಳಿಗೆಗಳಿಗೆ ವಿಸ್ತರಿಸಿತು.

ಶೂ ವಿಭಾಗವೇ ಯಾಕೆ? ಒಮ್ಮೆ ಗಮನಿಸಿ. ಶರ್ಟನ್ನು ಗಿರಾಕಿ ತಾವೇ ತೆಗೆದುಕೊಂಡು ಹಾಕಿ ನೋಡಬಹುದು. ಶೂ ಹಾಗಲ್ಲ, ಪೆಟ್ಟಿಗೆಗಳು ಒಳಗಿನ ಕೋಣೆಯಲ್ಲಿರುತ್ತವೆ. ಯಾರಾದರೂ ತಂದುಕೊಡಬೇಕು. ಕೈಯಲ್ಲಿ ಒಂದು ಶೂ ಹಿಡಿದು, ಸಾಕ್ಸಿನಲ್ಲಿ ಕೂತು, ಅತ್ತಿತ್ತ ನೋಡುವ ಗಿರಾಕಿ ಐದು ನಿಮಿಷ ಕಾಯುತ್ತಾರೆ. ಆಮೇಲೆ ತಮ್ಮ ಹಳೇ ಶೂ ಹಾಕಿಕೊಂಡು ಎದ್ದುಹೋಗುತ್ತಾರೆ. ಟ್ರಯಲ್ ರೂಮಿನಲ್ಲೂ ಅಷ್ಟೇ. ಸೈಜ್ ಚಿಕ್ಕದಾಯಿತು ಅಂತ ಮತ್ತೆ ಬಟ್ಟೆ ಬದಲಿಸಿ ಹೊರಗೆ ಬಂದು ಹುಡುಕುವವರು ಕಡಿಮೆ. ಬಾಗಿಲ ಹೊರಗಿನಿಂದ ಒಬ್ಬರು, ಇನ್ನೊಂದು ಸೈಜ್ ತಂದುಕೊಡಲಾ ಅಂದರೆ ಆ ಮಾರಾಟ ಉಳಿಯುತ್ತದೆ.

ಆದ್ದರಿಂದ ಸಿಬ್ಬಂದಿಯನ್ನು ಎಲ್ಲ ಕಡೆ ಸಮನಾಗಿ ಹಂಚಬೇಡಿ. ಸಹಾಯ ಇಲ್ಲದೆ ಮಾರಾಟವೇ ಆಗದ ಜಾಗಗಳಿಗೆ ಮೊದಲು ಹಾಕಿ. ದಿನದ ಯಾವ ಹೊತ್ತಿನಲ್ಲಿ ಜನ ಬರುತ್ತಾರೆ ಅಂತ ಬಿಲ್ ಸಮಯದಿಂದ ನೋಡಿ, ಡ್ಯೂಟಿ ಪಟ್ಟಿ ಮತ್ತೆ ಬರೆಯಿರಿ. ಸರಕು ಜೋಡಿಸುವ ಕೆಲಸ ಜನ ಇಲ್ಲದ ಹೊತ್ತಿಗೆ ಹೋಗಲಿ.

ಮಳಿಗೆಯ ಮ್ಯಾನೇಜರ್‌ಗೆ ಅಧಿಕಾರ ಕೊಡಿ. ತಮ್ಮ ಊರಿಗೆ ಬೇಡದ ಸರಕನ್ನು ಬೇಡ ಅನ್ನುವ ಹಕ್ಕು, ಒಂದಷ್ಟು ಮೊತ್ತದವರೆಗೆ ಗಿರಾಕಿಯ ದೂರನ್ನು ಅಲ್ಲೇ ಬಗೆಹರಿಸುವ ಹಕ್ಕು, ಇಷ್ಟು ಸಾಕು. ಹತ್ತಾರು ವರ್ಷ ಅದೇ ಮಹಡಿಯಲ್ಲಿ ನಿಂತು ದುಡಿದವರಿಗೆ ಯಾವ ಸಲಹಾ ಕಂಪನಿಗಿಂತಲೂ ಜಾಸ್ತಿ ಗೊತ್ತಿರುತ್ತದೆ. ಅವರನ್ನು ಕೇಳುವವರೇ ಇರುವುದಿಲ್ಲ, ಅದು ನೋವಿನ ವಿಷಯ.

ಹಂತ 8: ಬೇರೆ ಬ್ರಾಂಡುಗಳಿಗೆ ಜಾಗ ಕೊಡುವಾಗ

ಖಾಲಿ ಜಾಗ ತುಂಬಲು ಬೇರೆ ಬ್ರಾಂಡುಗಳನ್ನು ಒಳಗೆ ಕರೆಯುವುದು ಒಳ್ಳೆಯ ಉಪಾಯ. ಸ್ಟಾಕ್ ಅವರದ್ದು, ಸಿಬ್ಬಂದಿ ಅವರದ್ದು, ಮಾರಾಟದಲ್ಲಿ ನಿಮಗೆ ಪಾಲು. ಆದರೆ ಲಾಭಾಂಶ ಕಡಿಮೆ. ಎಲ್ಲವೂ ಅವರದ್ದೇ ಆದರೆ ನೀವು ಬರೀ ಜಾಗ ಕೊಟ್ಟವರಾಗುತ್ತೀರಿ. ಗಿರಾಕಿಯ ಮಾಹಿತಿ ಯಾರ ಬಳಿ ಉಳಿಯುತ್ತದೆ ಅಂತ ಒಪ್ಪಂದದಲ್ಲಿ ಬರೆಸಿ. ಮಾರಾಟದ ದುಡ್ಡು ನಿಮ್ಮ ಕೌಂಟರಿಗೆ ಬರುತ್ತದೆಯಾದರೆ, ಅವರ ಪಾಲನ್ನು ಬೇರೆ ಖಾತೆಯಲ್ಲಿ ಇಡಿ. ಕಷ್ಟ ಬಂದಾಗ ಆ ದುಡ್ಡಿಗೆ ಕೈ ಹಾಕುವ ಆಸೆ ಆಗುತ್ತದೆ. ಹಾಕಿದರೆ ಒಂದೇ ವಾರದಲ್ಲಿ ಎಲ್ಲ ಬ್ರಾಂಡುಗಳೂ ಗಂಟುಮೂಟೆ ಕಟ್ಟುತ್ತವೆ.

ಹಂತ 9: ಆನ್‌ಲೈನ್

ಇದಕ್ಕೆ ಜಾಸ್ತಿ ಹೇಳುವುದಿಲ್ಲ. ಹೊಸ ಆ್ಯಪ್ ಕಟ್ಟುವ ಮುಂಚೆ ಒಂದೇ ಒಂದು ವಿಷಯ ಸರಿ ಮಾಡಿ: ಯಾವ ಮಳಿಗೆಯಲ್ಲಿ ಯಾವ ವಸ್ತು, ಯಾವ ಸೈಜ್ ಇದೆ ಅಂತ ವೆಬ್‌ಸೈಟ್ ತೋರಿಸುವುದು ನಿಜವಾಗಿರಬೇಕು. ಅದು ಸರಿಯಾದರೆ ಮಳಿಗೆಯಿಂದ ತೆಗೆದುಕೊಂಡು ಹೋಗುವ ಆರ್ಡರ್, ಮಳಿಗೆಯಿಂದಲೇ ಪಾರ್ಸೆಲ್, ಇನ್ನೊಂದು ಮಳಿಗೆಯಿಂದ ತರಿಸುವುದು ಎಲ್ಲವೂ ಸಾಧ್ಯ. ಅದು ಸುಳ್ಳಾದರೆ ಆ್ಯಪ್ ಎಷ್ಟು ಚೆನ್ನಾಗಿದ್ದರೂ ಆರ್ಡರ್ ರದ್ದಾಯಿತು ಅನ್ನುವ ಮೆಸೇಜೇ ಹೋಗುತ್ತದೆ. ವಾಪಸ್ ಬರುವ ಸರಕಿನ ಖರ್ಚನ್ನೂ ಆನ್‌ಲೈನ್ ಲಾಭದಿಂದ ಕಳೆದು ನೋಡಿ.

ಹಂತ 10: ಕಟ್ಟಡಕ್ಕೆ ಕೈ ಹಾಕಿ

ದೊಡ್ಡ ನವೀಕರಣ ಕೊನೆಗೆ. ಆದರೆ ರಿಪೇರಿ ಮೊದಲ ದಿನವೇ. ಎರಡೂ ಬೇರೆ ಬೇರೆ. ಕೆನಡಾದ ಹಡ್ಸನ್ಸ್ ಬೇ 1670ರಲ್ಲಿ ಶುರುವಾದ ಕಂಪನಿ. 2024ರ ಬೇಸಿಗೆಯಲ್ಲಿ ಎಸಿ ಕೆಟ್ಟು ಅದರ ಕೆಲವು ಮಳಿಗೆಗಳನ್ನು ತಾತ್ಕಾಲಿಕವಾಗಿ ಮುಚ್ಚಬೇಕಾಯಿತು. 2025ರ ಮಾರ್ಚಿನಲ್ಲಿ ಸಾಲ ಕೊಟ್ಟವರಿಂದ ಕೋರ್ಟಿನ ರಕ್ಷಣೆ ಕೋರಿತು, ಜೂನ್ 1ರ ಹೊತ್ತಿಗೆ ಒಂದು ಮಳಿಗೆಯೂ ಉಳಿದಿರಲಿಲ್ಲ. ಎಸ್ಕಲೇಟರ್, ಎಸಿ, ಶೌಚಾಲಯ, ಟ್ರಯಲ್ ರೂಮಿನ ಲೈಟು ಮತ್ತು ಕನ್ನಡಿ, ಈ ಐದನ್ನು ಎಲ್ಲ ಮಳಿಗೆಗಳಲ್ಲೂ ಮೊದಲ ಮೂರು ತಿಂಗಳಲ್ಲಿ ಸರಿ ಮಾಡಿ. ಬಳಸದ ಜಾಗವನ್ನು ಗೋಡೆ ಹಾಕಿ ಮುಚ್ಚಿ. ಅರೆಖಾಲಿ ದೊಡ್ಡ ಮಹಡಿಗಿಂತ ತುಂಬಿದ ಚಿಕ್ಕ ಮಹಡಿ ವಾಸಿ.

ಹಂತ 11: ನಿಲ್ಲಿಸುವ ಗೆರೆಯನ್ನು ಮೊದಲೇ ಎಳೆಯಿರಿ

ಪ್ರತಿ ವಾರ ನೋಡಬೇಕಾದ ಅಂಕಿ ಐದೇ: ಎಷ್ಟು ಜನ ಬಂದರು, ಅವರಲ್ಲಿ ಎಷ್ಟು ಜನ ಕೊಂಡರು, ಪೂರ್ತಿ ಬೆಲೆಗೆ ಹೋದ ಪಾಲು ಎಷ್ಟು, ಎಷ್ಟು ವಾರದ ಸ್ಟಾಕ್ ಇದೆ, ಕೈಯಲ್ಲಿ ಎಷ್ಟು ನಗದಿದೆ. ಒಟ್ಟು ಮಾರಾಟ ಮೊದಲ ವರ್ಷ ಇಳಿಯಬಹುದು, ಮಳಿಗೆಗಳೇ ಕಡಿಮೆಯಾಗಿವೆಯಲ್ಲ. ಉಳಿದ ಮಳಿಗೆಗಳಲ್ಲಿ ಬಂದವರಲ್ಲಿ ಕೊಳ್ಳುವವರ ಪಾಲು ಏರುತ್ತಿದೆಯಾ ಅನ್ನುವುದೇ ಮೊದಲ ಒಳ್ಳೆಯ ಸೂಚನೆ.

ಇಷ್ಟೆಲ್ಲ ಮಾಡಿದರೂ ಕೆಲವು ಸರಣಿಗಳು ಉಳಿಯುವುದಿಲ್ಲ. ಅದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬ್ರಿಟನ್ನಿನ ಬಿಎಚ್‌ಎಸ್ ಸರಣಿಯನ್ನು 2015ರಲ್ಲಿ ಒಂದು ಪೌಂಡಿಗೆ ಮಾರಲಾಯಿತು. ಮರುವರ್ಷ ಅದು ಕುಸಿದು 164 ಮಳಿಗೆಗಳು ಮುಚ್ಚಿದವು, ಸುಮಾರು 11,000 ಜನರ ಕೆಲಸ ಹೋಯಿತು. ಪಿಂಚಣಿ ನಿಧಿಯಲ್ಲಿ 57.1 ಕೋಟಿ ಪೌಂಡ್ ಕೊರತೆ ಇತ್ತು. ಹಳೇ ಮಾಲೀಕರು 2017ರಲ್ಲಿ 36.3 ಕೋಟಿ ಪೌಂಡ್ ಕೊಡಲು ಒಪ್ಪಿದ್ದು ಸಂಸತ್ತು, ಪತ್ರಿಕೆ, ನಿಯಂತ್ರಕರು ಎಲ್ಲರೂ ಬೆನ್ನು ಹತ್ತಿದ ಮೇಲೆ.

ಅದಕ್ಕೇ ಒಂದು ಹಾಳೆ ಬರೆಯಿರಿ. ಸಿಬ್ಬಂದಿಯ ಬಾಕಿ ಸಂಬಳ, ಪರಿಹಾರ, ಪಿಂಚಣಿ ಪಾಲು, ಗಿರಾಕಿಗಳ ಕೈಯಲ್ಲಿರುವ ಗಿಫ್ಟ್ ಕಾರ್ಡ್‌ಗಳ ಮೊತ್ತ, ಒಳಗಿರುವ ಬ್ರಾಂಡುಗಳಿಗೆ ಸೇರಬೇಕಾದ ದುಡ್ಡು, ಚಿಕ್ಕ ಸಪ್ಲೈಯರ್‌ಗಳ ಬಾಕಿ. ಇವಿಷ್ಟನ್ನು ತೀರಿಸಲು ಎಷ್ಟು ಬೇಕು ಅಂತ ಕೂಡಿಸಿ. ನಗದು ಆ ಮೊತ್ತದ ಹತ್ತಿರ ಬಂದ ದಿನ ಏನು ಮಾಡುತ್ತೀರಿ ಅಂತ ಅದರ ಕೆಳಗೆ ಬರೆಯಿರಿ: ಯಾವ ಭಾಗವನ್ನು ಮಾರುವುದು, ಯಾರನ್ನು ಕರೆಯುವುದು, ಸಿಬ್ಬಂದಿಗೆ ಯಾವಾಗ ಹೇಳುವುದು. ಹಂತ 1ರ 13 ವಾರದ ಲೆಕ್ಕದ ಜೊತೆಗೇ ಈ ಹಾಳೆಯನ್ನೂ ಮೊದಲ ತಿಂಗಳಲ್ಲೇ ಬೋರ್ಡಿನ ಮುಂದಿಟ್ಟು ಎಲ್ಲರಿಂದ ಸಹಿ ಹಾಕಿಸಿಕೊಳ್ಳಿ.